ಓದುಗರ ಪ್ರಶ್ನೆ: ಕತ್ತಿ ಹಿಡಿದರೂ ಮನಸ್ಸಿಗೆ ಹಿಡಿಸದ ನಾಯಕಿ

ಪ್ರಶ್ನೆ: ನನ್ನ ಫ್ಯಾಂಟಸಿ ಕಾದಂಬರಿಯ ನಾಯಕಿ ಹತ್ತು ಗಂಡಸರಿಗೆ ಒಬ್ಬಳೇ ಮಣ್ಣು ಮುಕ್ಕಿಸುತ್ತಾಳೆ. ಹಸ್ತಪ್ರತಿ ಓದಿದ ಗೆಳತಿಯರು ‘ಗಟ್ಟಿಗಿತ್ತಿ ಹೌದು, ಆದ್ರೆ ಇಷ್ಟ ಆಗ್ಲಿಲ್ಲ’ ಅಂತಾರೆ. ಎಡವಟ್ಟಾಗಿದ್ದು ಎಲ್ಲಿ?
(ಓದುಗಿ, ಕುಮಟಾ)

ಉತ್ತರ: ಕತ್ತಿಯದೇನೂ ತಪ್ಪಿಲ್ಲ. ಅವಳು ಸೋಲುವವಳಲ್ಲ ಅಂತ ಎರಡನೇ ಜಗಳಕ್ಕೇ ಗೊತ್ತಾಗಿಬಿಟ್ಟರೆ ಓದುವವರಿಗೆ ಹೆದರಲು ಏನು ಉಳಿಯಿತು? ಎರಡು ಬಣ್ಣದ ಪೆನ್ಸಿಲ್ ಹಿಡಿದು ಮೊದಲ ಮೂರು ಅಧ್ಯಾಯ ಓದಿ. ಅವಳಾಗಿ ತೀರ್ಮಾನಿಸಿದ ಕಡೆ ಕೆಂಪು ಗೆರೆ, ಬೇರೆಯವರಿಂದ ಅವಳಿಗೆ ಏನಾದರೂ ಆದ ಕಡೆ ನೀಲಿ. ಅಪಹರಣ, ಶಾಪ, ಅಪ್ಪನ ಸಾವು, ಗುರುವಿನ ಅಪ್ಪಣೆ ಎಲ್ಲ ಸೇರಿ ಪುಟವೆಲ್ಲ ನೀಲಿಯಾದರೆ ರೋಗ ಸಿಕ್ಕಿತು. ಅಧ್ಯಾಯಕ್ಕೊಂದಾದರೂ ಕೆಂಪು ಬೇಕು, ಅದನ್ನು ಕಿತ್ತರೆ ಕಥೆ ಮುಂದೆ ಹೋಗಬಾರದು.

ಆಮೇಲೆ ಅವಳಿಗೊಂದು ಕಸುಬು ಕೊಡಿ. ನಿಮ್ಮ ಅಘನಾಶಿನಿ ಅಳಿವೆಯನ್ನೇ ನೋಡಿ. ಇಳಿತಕ್ಕೆ ಕಾದು ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸಿಗೆ ಭರತಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಅಮಾವಾಸ್ಯೆ ಭರತಿಯ ನೆತ್ತಿಯಲ್ಲಿ ಹೊಯಿಗೆ ದಿಬ್ಬ ಹತ್ತಿ ಕೂತ ಹಡಗು ಮುಂದಿನ ಸಣ್ಣ ಭರತಿಗಳಿಗೆ ತೇಲುವುದಿಲ್ಲ, ಹುಣ್ಣಿಮೆ ಭರತಿಗೆ ಕಾಯಬೇಕು. ಶತ್ರುವನ್ನು ಹಾಗೆ ಸಿಕ್ಕಿಸುವವಳಿಗೆ ಕತ್ತಿ ಯಾಕೆ?

ಈಗ ಅವಳನ್ನು ಎಡವಿಸಿ. ಎಲ್ಲಕ್ಕಿಂತ ದೊಡ್ಡ ಭರತಿ ಸಾಮಾನ್ಯವಾಗಿ ಬರುವುದು ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ. ಅವಸರಪಟ್ಟು ಅಮಾವಾಸ್ಯೆಯಂದೇ ಹಡಗನ್ನು ದಿಬ್ಬಕ್ಕೆ ಎಳೆದಳೋ, ಮರುದಿನವೇ ಅದು ತೇಲಿ ಸೀದಾ ಅವಳ ಕೇರಿಯ ಮುಂದೆ ಬಂದು ನಿಲ್ಲುತ್ತದೆ. ಗೆಳತಿಯರಿಗೆ ಆ ಅಧ್ಯಾಯ ಕೊಟ್ಟು ನೋಡಿ.

ಪ್ರಶ್ನೆ: ವೈಜ್ಞಾನಿಕ ಕಥೆಯಲ್ಲಿ ನಾಯಕಿಯಿದ್ದರೆ ಹುಡುಗರು ಓದುವುದಿಲ್ಲವಂತೆ, ನಿಜವೇ?
(ಓದುಗ, ಶಿರಸಿ)

ಉತ್ತರ: 1979ರ ‘ಏಲಿಯನ್’ ಚಿತ್ರಕ್ಕೆ ಪಾತ್ರಗಳನ್ನು ಬರೆದದ್ದೇ ಗಂಡು ಹೆಣ್ಣು ಯಾರು ಬೇಕಾದರೂ ಮಾಡಬಹುದು ಎಂಬಂತೆ. ಮುಖ್ಯಪಾತ್ರ ರಿಪ್ಲಿ ಹೆಣ್ಣಾದಳು, ಚಿತ್ರ ಗೆದ್ದಿತು. ಅದಕ್ಕೂ ಮೊದಲು, 1905ರಲ್ಲೇ, ಬಂಗಾಳದ ಲೇಖಕಿ ರೊಕೆಯಾ ಹುಸೇನ್ ಅವರ ‘ಸುಲ್ತಾನಾಸ್ ಡ್ರೀಮ್’ ಕಥೆ ಮದರಾಸಿನ ಪತ್ರಿಕೆಯೊಂದರಲ್ಲಿ ಬಂದಿತ್ತು. ಅದರಲ್ಲಿ ಹೆಂಗಸರು ಸೂರ್ಯನ ಬಿಸಿಲನ್ನೇ ತಿರುಗಿಸಿ ಶತ್ರುಸೇನೆಯನ್ನು ಓಡಿಸುತ್ತಾರೆ. ಅಲ್ಲೂ ಗೆದ್ದದ್ದು ತೋಳಲ್ಲ, ಕಲಿತ ವಿದ್ಯೆ. ಹುಡುಗರ ಚಿಂತೆ ಬಿಡಿ, ಮೊದಲ ಪುಟದಲ್ಲಿ ನಾಯಕಿ ಕನ್ನಡಿ ಮುಂದೆ ನಿಂತು ತನ್ನ ಕಣ್ಣು ಮೂಗು ವರ್ಣಿಸಿಕೊಂಡರೆ ಹುಡುಗಿಯರೂ ಪುಸ್ತಕ ಮುಚ್ಚುತ್ತಾರೆ.

ಪ್ರಶ್ನೆ: ಚೆನ್ನಭೈರಾದೇವಿಯನ್ನು ಮಾಂತ್ರಿಕ ಲೋಕದ ನಾಯಕಿ ಮಾಡಬಹುದೇ?
(ಓದುಗಿ, ಕಾರವಾರ)

ಉತ್ತರ: ಧಾರಾಳವಾಗಿ, ಇಪ್ಪತ್ತರ ಚೆಲುವೆಯಾಗಿ ಮಾತ್ರ ಬೇಡ. ಗೇರುಸೊಪ್ಪೆಯಿಂದ 50 ವರ್ಷ ಮೀರಿ ಆಳಿದವಳು, ಪೋರ್ಚುಗೀಸರ ಬಾಯಲ್ಲಿ ‘ಕಾಳುಮೆಣಸಿನ ರಾಣಿ’. ಮಂಡಿನೋವಿನ ಅರವತ್ತರ ರಾಣಿಯನ್ನು ಬರೆಯಿರಿ, ಅಂಥವಳು ನಮ್ಮ ಫ್ಯಾಂಟಸಿಯಲ್ಲಿ ಸಿಗುವುದೇ ಅಪರೂಪ. ಮಂತ್ರಕ್ಕೊಂದು ಬೆಲೆಯನ್ನೂ ಇಡಿ: ಒಂದು ಸಲ ಪ್ರಯೋಗಿಸಿದರೆ ಒಂದು ಕಣಿವೆಯ ಮೆಣಸಿನ ಬಳ್ಳಿಯೆಲ್ಲ ಒಣಗಲಿ, ಸಂಜೆ ಶಾನುಭೋಗ ಲೆಕ್ಕದ ಕಡತ ಹಿಡಿದು ಅವಳೆದುರು ನಿಲ್ಲಲಿ.