ಸಾವಿನ ಮಾತೆತ್ತಿದರೆ ನಂಬಿಕೆ ಕಮ್ಮಿ ಆದಂತಾ?

ಅಮ್ಮನಿಗೆ ಕೊನೇ ಹಂತದ ಕ್ಯಾನ್ಸರ್, ಬರೀ ಸಾವಿನ ಮಾತೇ ಆಡ್ತಾರೆ, ಅವರಲ್ಲಿ ಕ್ರೈಸ್ತ ನಿರೀಕ್ಷೆ ತುಂಬೋದು ಹೇಗೆ ಅಂತ ಕೇಳಿದ್ದೀರಿ. ತುಂಬೋಕೆ ಹೋಗಬೇಡಿ. ಅವರಿಗೆ ಅದು ನಿಮಗಿಂತ ಜಾಸ್ತಿನೇ ಇದೆ.

ನಮ್ಮದು ಬೆಟಗೇರಿ. ಬಾಸೆಲ್ ಮಿಶನ್ ಪಾದ್ರಿಗಳ ಕಾಲದಿಂದ ಕ್ರೈಸ್ತ ಸಭೆಯಲ್ಲಿರುವ ಮನೆತನ. ಅವ್ವನ ಲಿವರ್‌ಗೆ ಹರಡಿದೆ, ಮನೆಗೆ ಕರ್ಕೊಂಡು ಹೋಗಿ ಅಂದರು ಡಾಕ್ಟರು. ಮನೆಯಲ್ಲಿ ಸಾವು ಅನ್ನೋ ಪದ ಯಾರ ಬಾಯಲ್ಲೂ ಬರಕೂಡದು ಅಂತ ನಾನು ಕಟ್ಟಪ್ಪಣೆ ಮಾಡಿದೆ.

ಒಂದು ರಾತ್ರಿ ಅವ್ವ, "ಟ್ರಂಕಿನ್ಯಾಗ ಕೌದಿ ಐತಿ, ನಾ ಹೋದ ಮ್ಯಾಲೆ ಅದನ್ನ..." ಅಂದಳು. "ನೀ ಆರಾಮ ಆಗ್ತಿ, ಹಂಗೆಲ್ಲ ಮಾತಾಡಬ್ಯಾಡ" ಅಂದವನೇ ಕಣ್ಣು ಮುಚ್ಚಿ ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡಿದೆ. ಕೊನೆಗೆ ಅವಳು ಆಮೆನ್ ಅಂದಳು. ಆ ಮಾತು ಮತ್ತೆ ಎತ್ತಲೇ ಇಲ್ಲ.

ಪ್ರಾರ್ಥನೆ ಮಾಡಿದ್ದಕ್ಕೆ ನನಗೆ ಬೇಸರ ಇಲ್ಲ. ಅದನ್ನು ಅವಳ ಬಾಯಿಗೆ ಅಡ್ಡ ಹಿಡಿದೆನಲ್ಲ, ಅದು ತಪ್ಪು. ಕಣ್ಣು ಮುಚ್ಚಿದ್ದೇ ಅವಳ ಮುಖ ನೋಡೋದು ತಪ್ಪಲಿ ಅಂತ. ಹೋಗ್ತೀನಿ ಅಂದರೆ ನಾನು ಹೂಂ ಅನ್ನಬೇಕಾಗ್ತಿತ್ತು, ಅದು ನನ್ನಿಂದ ಆಗ್ತಿರಲಿಲ್ಲ. ಅವಳಿಗೆ ಅದು ಗೊತ್ತಾಯಿತು. ಕೊನೆಯ 11 ದಿನ ನನಗೋಸ್ಕರ ಸುಮ್ನಿದ್ದಳು. ನಾನು ಅದನ್ನೇ ನಂಬಿಕೆ ಬಲವಾಯಿತು ಅಂದುಕೊಂಡಿದ್ದೆ, ದಡ್ಡ.

ಮಣ್ಣು ಮಾಡಿ ಬಂದ ಮೇಲೆ ಟ್ರಂಕು ತೆಗೆದೆವು. ಕೂಸಿನ ಅಳತೆಯ ಕೌದಿ. ಮುಕ್ಕಾಲು ಹೊಲಿದಿತ್ತು, ಸೂಜಿ ಅದರಲ್ಲೇ ಇತ್ತು. ಆಗ ನನ್ನ ಹೆಂಡತಿ, ತಂಗಿ ಇಬ್ಬರೂ ಬಸುರಿ. ಯಾರ ಕೂಸಿಗೆ ಅಂತ ಹೇಳೋಕೆ ಹೊರಟಿದ್ದಳೋ. ಇಬ್ಬರೂ ಅದನ್ನು ಮುಟ್ಟಲಿಲ್ಲ.

ನಮ್ಮ ನಿರೀಕ್ಷೆ ಪುನರುತ್ಥಾನದ್ದು ರೀ, ಸತ್ತವರು ಮತ್ತೆ ಏಳುತ್ತಾರೆ ಅನ್ನೋದು, ಸ್ಕ್ಯಾನ್ ರಿಪೋರ್ಟಿಂದಲ್ಲ. ಲಾಜರನನ್ನು ಯೇಸು ಎಬ್ಬಿಸಿದ್ದು ಸಮಾಧಿ ಸೇರಿ 4 ದಿನ ಆದ ಮೇಲೆ ಅಲ್ವಾ? ಬೈಬಲಿನಲ್ಲಿ ಅಪೊಸ್ತಲ ಪೌಲ ತಿಮೊಥೆಗೆ ಬರೆದ ಎರಡನೇ ಪತ್ರ ತೆಗೀರಿ. 4ನೇ ಅಧ್ಯಾಯದ 6ನೇ ವಚನದಲ್ಲಿ ಪೌಲ ತಾನು ಈ ಲೋಕ ಬಿಟ್ಟು ಹೊರಡುವ ಹೊತ್ತು ಬಂತು ಅನ್ನುತ್ತಾನೆ. 13ರಲ್ಲಿ, ತ್ರೋವ ಅನ್ನೋ ಊರಲ್ಲಿ ಬಿಟ್ಟುಬಂದ ಮೇಲಂಗಿ ತಗೊಂಡು ಬಾ ಅನ್ನುತ್ತಾನೆ. ಅವನಿಗೇನು ನಂಬಿಕೆ ಕಮ್ಮಿ ಇತ್ತಾ?

ನೋವಿನ ಔಷಧಿ ಮಾತ್ರ ಹೊತ್ತುಹೊತ್ತಿಗೆ ಕೊಡಿ. ಅಮ್ಮ ಮುಂದಿನ ಸಲ ಮಾತು ತೆಗೆದಾಗ "ಹೇಳಮ್ಮ" ಅನ್ನಿ. ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇಟ್ಟುಕೊಂಡಿರಿ. ಯಾವ ಸೀರೆ, ಯಾವ ಹಾಡು, ಯಾರಿಗೆ ಏನು, ಎಲ್ಲಾ ಬರೆದುಕೊಳ್ಳಿ.