ಕಛ್‌ನ ಕಾಳು, ತೋಟದ ಗೋಲಿ

ಪ್ರಶ್ನೆ: ಸಾರ್, ನಮ್ ಭಾವ ಗುಜರಾತ್ ಟೂರ್ ಹೋದವ್ರು ಕಛ್‌ನಲ್ಲಿ ಒಂದು ಸುಣ್ಣಕಲ್ಲಿನ ದಿಬ್ಬದ ಬುಡದಿಂದ ಒಂದು ಮುಷ್ಟಿ ಪುಡಿಮಣ್ಣು ತಂದ್ಕೊಟ್ರು, ತೊಳೆದು ನೋಡಿದ್ರೆ ಹುರುಳಿಕಾಳಿನ ಥರ ಚಪ್ಪಟೆ ಬಿಲ್ಲೆಗಳು. ಮನೇಲಿ ಎಲ್ರೂ ಬೀಜ ಅಂತಾರೆ. ನಮ್ ಅಡಿಕೆ ತೋಟದ ಅಗಳ ತೋಡುವಾಗ ಸಿಕ್ಕಿದ ಕಂದು ಗೋಲಿಗಳ ಫೋಟೋನೂ ಕಳಿಸಿದೀನಿ, ಎರಡೂ ಫಾಸಿಲ್ಲಾ?
– ಒಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ಬಿಲ್ಲೆಗಳು ಹೌದು, ಗೋಲಿಗಳು ಅಲ್ಲ.

ನಿಮ್ ಫೋಟೋದಲ್ಲಿ ಒಂದು ಬಿಲ್ಲೆ ಮುರಿದಿದೆ ನೋಡಿ, ನಂಗೆ ಗೊತ್ತಾಗಿದ್ದೇ ಅದ್ರಿಂದ. ಒಳಗೆ ಚಕ್ಕುಲಿ ಸುತ್ತಿದ ಹಾಗೆ ಸುರುಳಿ, ಸುರುಳಿಯುದ್ದಕ್ಕೂ ಅಡ್ಡಗೋಡೆ, ಗೋಡೆ ಮಧ್ಯೆ ಪುಟ್ಟಪುಟ್ಟ ಕೋಣೆ. ಬೀಜ ಆಗಿದ್ರೆ ಬೇಳೆ ಕಾಣ್ಬೇಕಿತ್ತು! ಇದು ನುಮುಲೈಟ್, ಫೊರಾಮಿನಿಫೆರಾ ಅನ್ನೋ ಗುಂಪಿನ ಒಂದೇ ಕೋಶದ ಸಮುದ್ರಜೀವಿ ಕಟ್ಕೊಂಡ ಸುಣ್ಣದ ಮನೆ. ಸುಮಾರು 4-5 ಕೋಟಿ ವರ್ಷದ ಹಿಂದೆ ಅಲ್ಲೆಲ್ಲ ಆಳ ಕಮ್ಮಿ ಇರೋ ಬೆಚ್ಚಗಿನ ಸಮುದ್ರ ಇತ್ತು. ನಿಮ್ ಮನೆಯವ್ರನ್ನ ಬೈಬೇಡಿ, ಈಜಿಪ್ಟಿನ ಪಿರಮಿಡ್ ಕಲ್ಲಲ್ಲೂ ಇವೇ ಇರೋದು, ಅದನ್ನ ಕೂಲಿಯವ್ರು ತಿಂದುಳಿದ ಬೇಳೆ ಕಲ್ಲಾಗಿದೆ ಅಂತ ಅಲ್ಲಿನ ಜನ ಹೇಳ್ತಿದ್ದನ್ನ ಗ್ರೀಕ್ ಭೂಗೋಳ ಪಂಡಿತ ಸ್ಟ್ರಾಬೋ 2000 ವರ್ಷದ ಹಿಂದೇನೇ ಬರೆದಿಟ್ಟಿದಾನೆ.

ಹೊರಗಡೆ ಆಕಾರ ನೋಡಿ ಮಾತ್ರ ಹೆಸರು ಹೇಳೋಕೆ ಹೋಗ್ಬೇಡಿ, ಮೋಸ ಹೋಗೋದು ಅಲ್ಲೇ. ಒಂದು ಬಿಲ್ಲೆನ ನೀರು ಹಚ್ಚಿದ ಪಾಲಿಶ್ ಪೇಪರ್ ಮೇಲೆ ಮಲಗಿಸಿ ಬೆರಳಲ್ಲಿ ಮೆಲ್ಲಗೆ ಉಜ್ಜಿ, ಅರ್ಧ ಸವೆದಾಗ ಸುರುಳಿ ಬರತ್ತೆ, ಇನ್ನೂ ಉಜ್ಜಿದ್ರೆ ಬಿಲ್ಲೆನೇ ಇರಲ್ಲ, ನಾನು ಹಂಗೆ ಮೂರು ಕಳ್ಕೊಂಡಿದೀನಿ. ನೋಡೋಕೆ ಅಕ್ಕಸಾಲಿಗರ ಹತ್ರ ಇರೋಂಥ 10 ಪಟ್ಟು ಲೆನ್ಸ್ ಸಾಕು. ಉಳಿದ ಮಣ್ಣು ಎಸೀಬೇಡಿ, ಬಿಸಿಲಲ್ಲಿ ಚೆನ್ನಾಗಿ ಒಣಗ್ಸಿ ಆಮೇಲೆ ನೀರಿಗೆ ಹಾಕಿ, ಒಣಗಿದ ಜೇಡಿ ತಾನೇ ಬಿಚ್ಕೊಳತ್ತೆ, ಸಣ್ಣ ಬಟ್ಟೇಲಿ ಸೋಸಿದ್ರೆ 1 ಮಿಲಿಮೀಟರ್‌ಗಿಂತ ಚಿಕ್ಕವೂ ಸಿಗ್ಬಹುದು.

ಇನ್ನು ಗೋಲಿಗಳು. ಅವು ಜಂಬಿಟ್ಟಿಗೆ ಮಣ್ಣಲ್ಲಿ ಕಬ್ಬಿಣದ ತುಕ್ಕು ಪದರಪದರವಾಗಿ ಗಟ್ಟಿಯಾಗಿದ್ದು, ಸುಣ್ಣದ ಬಿಲ್ಲೆ ಥರ ಇವುಕ್ಕೆ ವಿನೆಗರ್ ಹಾಕಿದ್ರೆ ನೊರೆ ಬರಲ್ಲ. ನಮ್ ಮಲೆನಾಡಿನ ಬಂಡೆಗಳು ಹೆಚ್ಚುಕಮ್ಮಿ 250 ಕೋಟಿ ವರ್ಷಕ್ಕೂ ಹಳೇವು, ಚಿಪ್ಪಿನ ಪ್ರಾಣಿಗಳು ಬಂದಿದ್ದು 54 ಕೋಟಿ ವರ್ಷದ ಈಚೆಗೆ, ಹಂಗಾಗಿ ಇಲ್ಲಿ ಶಂಖ ಹುಡುಕಿದ್ರೆ ಸಿಗಲ್ಲ. ಫಾಸಿಲ್ಲೇ ಬೇಕಂದ್ರೆ ಶಿವಮೊಗ್ಗ ಹತ್ರದ ಕುಂಸಿ ಕಡೆ ಸುಣ್ಣಕಲ್ಲಲ್ಲಿ ಸೂಕ್ಷ್ಮಜೀವಿಗಳು ಪದರ ಕಟ್ಟಿದ ಸ್ಟ್ರೊಮಟೊಲೈಟ್ ಇದೆ, ಅದು ಬೇರೆನೇ ಕಥೆ.

ಅಂದಹಾಗೆ ಡಬ್ಬಿ ಮೇಲೆ ಬರೀ ‘ಕಛ್’ ಅಂತ ಬರೆದಿದೀರಿ, ಸಾಲ್ದು. ಭಾವಂಗೆ ಇವತ್ತೇ ಫೋನ್ ಮಾಡಿ ಯಾವ ಊರು, ಯಾವ ದಿಬ್ಬ, ದಿಬ್ಬದ ಮೇಲಾ ಕೆಳಗಾ ಕೇಳಿ ಬರ್ಕೊಳಿ, ಮರೆಯೋ ಮುಂಚೆ.