ಲೌಡನ್ ಕೌಂಟಿ ಯಾರ ಕಡೆ?

ಮುಂದಿನ ತಿಂಗಳು ಎಚ್-1ಬಿ ಕೆಲಸದ ವೀಸಾ ಮೇಲೆ ಅಮೆರಿಕದ ವರ್ಜೀನಿಯಾದ ಆಶ್‌ಬರ್ನ್‌ಗೆ ಬರ್ತಿದ್ದೀನಿ, ಮಗಳು ಮೂರನೇ ಕ್ಲಾಸು, ಆಶ್‌ಬರ್ನ್ ಇರೋ ಲೌಡನ್ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಟ್ರಂಪ್‌ರ ರಿಪಬ್ಲಿಕನ್ನರ ಕಡೆಯೋ ಡೆಮಾಕ್ರಟರ ಕಡೆಯೋ, ನಮ್ಮಂಥವರು ನೆಮ್ಮದಿಯಾಗಿ ಇರಬಹುದಾ ಅಂತ ಕೇಳಿದ್ದೀರಿ. ಇರಬಹುದು, ಧೈರ್ಯವಾಗಿ ಬನ್ನಿ. ಆದರೆ ಮೊದಲ ಪ್ರಶ್ನೆಗೆ ಒಂದೇ ಮಾತಲ್ಲಿ ಉತ್ತರ ಹೇಳೋಕೆ ಆಗಲ್ಲ. ನಾನು ಇಲ್ಲಿ ಸಂಸಾರ ಹೂಡಿ ಹತ್ತೊಂಬತ್ತು ವರ್ಷ ಆಯ್ತು, ಕಂಡಿದ್ದನ್ನ ಹೇಳ್ತೀನಿ.

1964ರಲ್ಲಿ ಲಿಂಡನ್ ಜಾನ್ಸನ್ ಗೆದ್ದಮೇಲೆ 2008ರವರೆಗೆ ಅಧ್ಯಕ್ಷರ ಚುನಾವಣೆಯಲ್ಲಿ ಈ ಕೌಂಟಿ ಡೆಮಾಕ್ರಟರಿಗೆ ಒಲಿದಿರಲೇ ಇಲ್ಲ. 2004ರಲ್ಲಿ ರಿಪಬ್ಲಿಕನ್ ಪಕ್ಷದ ಬುಷ್‌ಗೆ ನೂರಕ್ಕೆ ಸುಮಾರು 56 ಓಟು. ನಾಲ್ಕೇ ವರ್ಷಕ್ಕೆ ಒಬಾಮಾ ಗೆದ್ದರು, ಅಲ್ಲಿಂದ ಈಚೆಗೆ ಡೆಮಾಕ್ರಟರೇ. ಜನ ಬಂದದ್ದೇ ಇದಕ್ಕೆ ದೊಡ್ಡ ಕಾರಣ. 2000ದಲ್ಲಿ ಇಲ್ಲಿದ್ದವರು ಸುಮಾರು 1.7 ಲಕ್ಷ, 2020ರ ಗಣತಿಯಲ್ಲಿ 4.2 ಲಕ್ಷ. ಡಲ್ಲಸ್ ವಿಮಾನ ನಿಲ್ದಾಣದ ಸುತ್ತಮುತ್ತ ಹೊಲಗಳಿದ್ದ ಕಡೆ ಟೌನ್‌ಹೌಸ್‌ಗಳೆದ್ದವು, ಆ ಮನೆಗಳಿಗೆ ಬಂದವರಲ್ಲಿ ನಮ್ಮ ದೇಶದವರೂ ಬಹಳ. ಪಶ್ಚಿಮಕ್ಕೆ ಹೋದರೆ ಬೇರೆಯದೇ ಲೋಕ. ಪರ್ಸೆಲ್‌ವಿಲ್ ಕಡೆ ಕಲ್ಲಿನ ಬೇಲಿ, ಕುದುರೆ ಲಾಯ, ದ್ರಾಕ್ಷಿ ತೋಟ. ರಿಪಬ್ಲಿಕನ್ನರ ಬಲ ಇರೋದು ಹೆಚ್ಚಾಗಿ ಆ ಕಡೆ.

ನಮ್ಮವರೆಲ್ಲ ಒಂದೇ ಕಡೆ ಅಂದುಕೊಳ್ಳಬೇಡಿ. 2020ರಲ್ಲಿ ಬೈಡನ್‌ಗೆ ಇಲ್ಲಿ ಸುಮಾರು 61 ಪರ್ಸೆಂಟ್ ಬಂತು. 2024ರಲ್ಲಿ ಕಮಲಾ ಹ್ಯಾರಿಸ್‌ಗೆ ಸುಮಾರು 56, ಟ್ರಂಪ್‌ಗೆ 40ರ ಹತ್ತಿರ. ಹಬ್ಬದ ಊಟಕ್ಕೆ ಕೂತ ಒಂದೇ ಮೇಜಲ್ಲಿ ಎರಡೂ ಪಕ್ಷಕ್ಕೆ ಓಟು ಹಾಕಿದವರು ಸಿಕ್ತಾರೆ. ಇದೇ ಜಾಗದಿಂದ ಗೆದ್ದ ಭಾರತೀಯ ಮೂಲದ ಸುಹಾಸ್ ಸುಬ್ರಮಣ್ಯಂ 2025ರ ಜನವರಿಯಲ್ಲಿ ಭಗವದ್ಗೀತೆ ಮೇಲೆ ಕೈಯಿಟ್ಟು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರಾಗಿ ಪ್ರಮಾಣ ಮಾಡಿದಾಗ ಎರಡೂ ಕಡೆಯವರು ಖುಷಿಪಟ್ಟಿದ್ದನ್ನ ನೋಡಿದೀನಿ.

ಇನ್ನು ನೀವು ಕೇಳದೇ ಬಿಟ್ಟಿದ್ದು ಒಂದಿದೆ, ನನಗೆ ಅದೇ ಮುಖ್ಯ. ನಿಮ್ಮ ಮಗಳ ಸ್ಕೂಲು, ನೀವು ಕಟ್ಟೋ ಕಾರ್ ಟ್ಯಾಕ್ಸು, ಮನೆ ಹಿಂದೆ ಏನು ಕಟ್ಟಡ ಬರುತ್ತೆ, ಇದೆಲ್ಲ ತೀರ್ಮಾನ ಆಗೋದು ಕೌಂಟಿ ಮಟ್ಟದಲ್ಲಿ. ಆಶ್‌ಬರ್ನ್‌ಗೆ ಸ್ವಂತ ಪುರಸಭೆ ಇಲ್ಲ. ಕೌಂಟಿ ಆಡಳಿತ ನಡೆಸೋ ಒಂಬತ್ತು ಜನರ ಬೋರ್ಡ್ ಆಫ್ ಸೂಪರ್‌ವೈಸರ್ಸ್, ಒಂಬತ್ತು ಜನರ ಸ್ಕೂಲ್ ಬೋರ್ಡ್, ಇವರೇ ಎಲ್ಲ. ಅಧ್ಯಕ್ಷರ ಓಟಿನ ಲೆಕ್ಕ ಇಲ್ಲಿಗೆ ಹೊಂದಬೇಕಂತಿಲ್ಲ. ಒಬಾಮಾ ಎರಡು ಸಲ ಗೆದ್ದ ಇದೇ ಕೌಂಟಿಯಲ್ಲಿ 2011ರಲ್ಲಿ ಸೂಪರ್‌ವೈಸರ್‌ಗಳು ಒಂಬತ್ತಕ್ಕೆ ಒಂಬತ್ತೂ ರಿಪಬ್ಲಿಕನ್ನರು. 2019ರಲ್ಲಿ ಡೆಮಾಕ್ರಟರಿಗೆ ಬಹುಮತ ಬಂತು. ಊರಲ್ಲಿ ವಿಧಾನಸಭೆಗೆ ಒಬ್ಬರಿಗೆ, ಲೋಕಸಭೆಗೆ ಇನ್ನೊಬ್ಬರಿಗೆ ಹಾಕೋದು ಗೊತ್ತಲ್ಲ, ಹಾಗೇ.

2021ರಲ್ಲಿ ಸ್ಕೂಲ್ ಬೋರ್ಡ್ ಸಭೆಗಳ ಕೂಗಾಟ ದೇಶದ ಟಿವಿಯಲ್ಲೆಲ್ಲ ಬಂತು. ಮಕ್ಕಳನ್ನ ಒಟ್ಟಿಗೆ ಬಸ್‌ಸ್ಟಾಪಿಗೆ ಬಿಡೋ ತಾಯಂದಿರು ಆಗ ಮಾತು ಬಿಟ್ಟಿದ್ದು ನೋಡಿ ಹೊಟ್ಟೆ ಉರೀತು. ಆ ವರ್ಷ ರಿಪಬ್ಲಿಕನ್ ಪಕ್ಷದ ಯಂಗ್‌ಕಿನ್ ವರ್ಜೀನಿಯಾದ ಗವರ್ನರ್ ಚುನಾವಣೆ ಗೆದ್ದರು. ಲೌಡನ್‌ನಲ್ಲಿ ಸೋತರೂ ಅವರಿಗೆ ಇಲ್ಲಿ 44 ಪರ್ಸೆಂಟ್ ಬಂತು, ಹಿಂದಿನ ವರ್ಷ ಟ್ರಂಪ್‌ಗೆ ಬಂದಿದ್ದು 37ಕ್ಕೂ ಕಮ್ಮಿ. ಈಗಿನ ಜಗಳ ಡೇಟಾ ಸೆಂಟರಿನದು, ಅಂದರೆ ಇಂಟರ್‌ನೆಟ್ ಕಂಪ್ಯೂಟರುಗಳನ್ನ ಇಡೋ ದೊಡ್ಡ ಕಟ್ಟಡಗಳದು. ಅವುಗಳಿಂದ ಬರೋ ತೆರಿಗೆ ನಮ್ಮ ಮನೆ ಟ್ಯಾಕ್ಸನ್ನ ಹಿಡಿತದಲ್ಲಿಟ್ಟಿದೆ, ಅದೇ ಹೊತ್ತಿಗೆ ಕಿಟಕಿ ತೆಗೆದರೆ ಎದುರಿಗೆ ಬೂದು ಗೋಡೆ, ರಾತ್ರಿಯೆಲ್ಲ ಗುಂಯ್ ಅನ್ನೋ ಸದ್ದು. ಇದರಲ್ಲಿ ಪಕ್ಷಭೇದ ಇಲ್ಲ. 2025ರ ಮಾರ್ಚಿನಲ್ಲಿ ಬೋರ್ಡು ನಿಯಮ ಬದಲಿಸ್ತು, ಈಗ ಹೊಸ ಡೇಟಾ ಸೆಂಟರಿಗೆ ಸಾರ್ವಜನಿಕ ವಿಚಾರಣೆ ಆಗಲೇಬೇಕು.

ಓಟಿನ ದಿನ ಒಮ್ಮೆ ಮತಗಟ್ಟೆ ಹತ್ತಿರ ಹೋಗಿ ನೋಡಿ. ಬಾಗಿಲಿಂದ 40 ಅಡಿ ಆಚೆ ಎರಡೂ ಪಕ್ಷದವರು ಬಣ್ಣದ ಮಾದರಿ ಮತಪತ್ರ ಹಿಡಿದು ನಿಂತಿರ್ತಾರೆ. ಸ್ಥಳೀಯ ಸ್ಥಾನಗಳಿಗೆ ಮತಪತ್ರದಲ್ಲಿ ಪಕ್ಷದ ಹೆಸರೇ ಇರಲ್ಲ, ಅದಕ್ಕೇ ಆ ಚೀಟಿಗೆ ಅಷ್ಟು ಬೆಲೆ. ನಾನು ಮೊದಲು ಓಟು ಹಾಕಿದ್ದು 2019ರಲ್ಲಿ. ಸ್ಕೂಲಿನ ಜಿಮ್‌ನಲ್ಲಿ ಕೂತು ಮತಪತ್ರದ ಒಂದೊಂದೇ ಮೊಟ್ಟೆಯಾಕಾರವನ್ನ ಪೆನ್ನಲ್ಲಿ ತುಂಬಿ, ಕಾಗದ ಯಂತ್ರದೊಳಗೆ ಹೋಗೋವರೆಗೂ ನಿಂತೇ ಇದ್ದೆ. ಬೆರಳಿಗೆ ಶಾಯಿ ಹಾಕಲ್ಲ ಅಂತ ಮೊದಲೇ ಗೊತ್ತಿದ್ರೂ ಕೈ ಮುಂದೆ ಹೋಗಿತ್ತು.

ಒಂದು ಎಚ್ಚರಿಕೆ. ಡ್ರೈವಿಂಗ್ ಲೈಸೆನ್ಸಿಗೆ ಡಿಎಂವಿಗೆ (ನಮ್ಮ ಆರ್‌ಟಿಒ ಥರದ ಕಚೇರಿ) ಹೋದಾಗ ಪೌರತ್ವ ಕೇಳ್ತಾರೆ, ಅಲ್ಲೇ ಮತದಾರರ ನೋಂದಣಿಯೂ ಆಗುತ್ತೆ. ಅವಸರದಲ್ಲಿ "ಹೌದು" ಒತ್ತಬೇಡಿ. ಪೌರರಲ್ಲದವರು ಮತದಾರರಾಗಿ ನೋಂದಾಯಿಸಿಕೊಂಡರೆ ಮುಂದೆ ಗ್ರೀನ್ ಕಾರ್ಡಿಗೇ ಕುತ್ತು, ದೇಶ ಬಿಡಬೇಕಾಗಿಯೂ ಬರಬಹುದು. ಗ್ರೀನ್ ಕಾರ್ಡ್ ಬಂದಮೇಲೂ ಓಟಿಲ್ಲ, ಪೌರತ್ವ ಬಂದಮೇಲೇ.

ಹಾಗಂತ ಬಾಯಿ ಕಟ್ಟಿಕೊಂಡು ಕೂರಬೇಕಿಲ್ಲ. ಬೋರ್ಡಿನ ವಿಚಾರಣೆಯಲ್ಲಿ ಹೆಸರು ಬರೆಸಿ ಮಾತಾಡೋಕೆ ಇಲ್ಲಿ ವಾಸ ಮಾಡ್ತಿದ್ದರೆ ಸಾಕು, ಯಾವ ವೀಸಾ ಅಂತ ಯಾರೂ ಕೇಳಲ್ಲ. ಸೂಪರ್‌ವೈಸರ್‌ಗಳ ಮುಂದಿನ ಚುನಾವಣೆ 2027ರ ನವೆಂಬರಲ್ಲಿ, ಅಷ್ಟರೊಳಗೆ ನಿಮ್ಮ ಸೂಪರ್‌ವೈಸರ್ ಯಾರು ಅಂತ ತಿಳ್ಕೊಳ್ಳಿ. ಮನೆ ಸಾಮಾನು ಜೋಡಿಸಿ ಆದಮೇಲೆ ಹೇಳಿ, ಲೀಸ್‌ಬರ್ಗ್‌ನ ಹ್ಯಾರಿಸನ್ ಸ್ಟ್ರೀಟಿನಲ್ಲಿರೋ ಕೌಂಟಿ ಕಚೇರಿಗೆ ಒಂದು ಸಂಜೆ ಜೊತೆಯಲ್ಲೇ ಹೋಗೋಣ. ಮಗಳನ್ನೂ ಕರ್ಕೊಂಡು ಬನ್ನಿ.